ಮಾತಾಡುವಷ್ಟು ದೂರದಿಂದ

ನನ್ನ ಕ್ಯಾಮೆರಾದಲ್ಲಿ ಜೂಮ್ ಇಲ್ಲ. ಕಣ್ಣಿಗೆ ಒತ್ತಿಕೊಂಡು ನೋಡುವ ಕಿಂಡಿ ಇಲ್ಲ. ಫ್ಲ್ಯಾಶ್ ಕೂಡ ಇಲ್ಲ. ಇರುವುದು ಒಂದು ಲೆನ್ಸ್, ಹಿಂದೆ ಒಂದು ಪರದೆ, ಬಲಗೈ ಹೆಬ್ಬೆರಳಿಗೆ ಸಿಗುವ ನಾಲ್ಕಾರು ಗುಂಡಿಗಳು, ಅಷ್ಟೇ. ಬ್ಯಾಟರಿ, ಕಾರ್ಡ್ ಎಲ್ಲ ಸೇರಿ 257 ಗ್ರಾಂ ತೂಕ. ಹನ್ನೊಂದು ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ ದಪ್ಪ. ಜೇಬಿನಲ್ಲಿ ಇಟ್ಟುಕೊಂಡು ಮೈಸೂರಿನ ಸಯ್ಯಾಜಿ ರಾವ್ ರಸ್ತೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದರೂ ಯಾರಿಗೂ ಗೊತ್ತಾಗುವುದಿಲ್ಲ. ರಿಕೋ ಕಂಪನಿಯ ಜಿಆರ್ 3 ಅಂತ ಇದರ ಹೆಸರು. 2019ರಲ್ಲಿ ಮಾರುಕಟ್ಟೆಗೆ ಬಂದದ್ದು. ನಾನು ಕೊಂಡದ್ದು ಒಬ್ಬರು ಬಳಸಿ ಮಾರಿದ್ದನ್ನು.

ಇದನ್ನು ಹೊರಗೆ ತೆಗೆದ ಕೂಡಲೇ ಎಲ್ಲರೂ ಕೇಳುವುದು ಒಂದೇ. ಮೊಬೈಲ್ ಇದೆಯಲ್ಲ, ಮತ್ತೆ ಇದು ಯಾಕೆ? ಕೇಳಬೇಕಾದ ಪ್ರಶ್ನೆಯೇ. ಅಷ್ಟು ದುಡ್ಡು ಕೊಟ್ಟು ಇನ್ನೊಂದು ಯಂತ್ರ ಹೊತ್ತು ತಿರುಗುವುದಕ್ಕೆ ಕಾರಣ ಬೇಕಲ್ವಾ? ಆ ಕಾರಣವನ್ನು ಸ್ವಲ್ಪ ಬಿಡಿಸಿ ಬರೆಯೋಣ ಅಂತ ಕೂತಿದ್ದೇನೆ.

ಸುಲಭದ ಉತ್ತರ ಸೆನ್ಸರಿನದು. ಬೆಳಕನ್ನು ಹಿಡಿಯುವ ಆ ಸಣ್ಣ ತಗಡು ಇದರಲ್ಲಿ 23.5 ಮಿಲಿಮೀಟರ್ ಅಗಲ, 15.6 ಮಿಲಿಮೀಟರ್ ಎತ್ತರ ಇದೆ. ಮದುವೆ ಮನೆಗಳಲ್ಲಿ ಕುತ್ತಿಗೆಗೆ ನೇತು ಹಾಕಿಕೊಂಡು ಓಡಾಡುತ್ತಾರಲ್ಲ, ಆ ದೊಡ್ಡ ಕ್ಯಾಮೆರಾಗಳಲ್ಲಿ ಎಷ್ಟೋ ಮಾದರಿಗಳಿಗೆ ಇರುವುದೂ ಇದೇ ಅಳತೆ. ದುಬಾರಿ ಮೊಬೈಲಿನ ಸೆನ್ಸರಿಗೆ ಹೋಲಿಸಿದರೆ ಮೂರರಿಂದ ಐದು ಪಟ್ಟು ಜಾಗ. ಜಾಗ ಜಾಸ್ತಿ ಇದ್ದಷ್ಟೂ ಬೆಳಕು ಜಾಸ್ತಿ ಬೀಳುತ್ತದೆ. ಕತ್ತಲೆಯಲ್ಲಿ ಚಿತ್ರದ ಮೇಲೆ ಕಾಣುವ ಮರಳು ಮರಳು ಕಡಿಮೆಯಾಗುತ್ತದೆ.

ಮೊಬೈಲುಗಳು ಈ ಕೊರತೆಯನ್ನು ಲೆಕ್ಕಾಚಾರದಿಂದ ತುಂಬಿಕೊಳ್ಳುತ್ತವೆ. ನಾವು ಒಂದು ಸಲ ಒತ್ತಿದರೆ ಒಳಗೆ ಹಲವು ಫೋಟೋ ತೆಗೆದು, ಒಂದರ ಮೇಲೊಂದು ಕೂಡಿಸಿ, ಕಪ್ಪಾದ ಕಡೆ ಎತ್ತಿ, ಬಿಳುಪಾದ ಕಡೆ ಇಳಿಸಿ ಕೊಡುತ್ತವೆ. ತುಂಬ ಜಾಣ ಕೆಲಸ ಅದು. ಆದರೆ ದೇವರಾಜ ಮಾರುಕಟ್ಟೆಯ ಒಳಗೆ ಹೋಗಿ ನೋಡಿ. ಮೇಲೆ ಕಟ್ಟಿದ ಪ್ಲಾಸ್ಟಿಕ್ ಹಾಳೆಗಳ ಸಂದಿಯಿಂದ ಬಿಸಿಲು ಒಂದೊಂದು ಕಡೆ ಮಾತ್ರ ಇಳಿಯುತ್ತದೆ. ಒಬ್ಬರ ಕೈ ಬೆಳಕಿನಲ್ಲಿದ್ದರೆ ಮುಖ ನೆರಳಲ್ಲಿರುತ್ತದೆ. ಮೊಬೈಲ್ ಆ ಮುಖವನ್ನೂ ಬೆಳಗಿಸಿ, ಹಿಂದಿನ ಗೋಡೆಯನ್ನೂ ಬೆಳಗಿಸಿ, ಮಧ್ಯಾಹ್ನದ ಮಾರುಕಟ್ಟೆಯನ್ನು ಮಾಲ್ ಮಾಡಿಬಿಡುತ್ತದೆ. ನನಗೆ ಆ ಕತ್ತಲೆ ಬೇಕು. ಆ ಕತ್ತಲೆಯೊಳಗೆ ಬೆಳಗಿನ ಜಾವದಿಂದ ಕೂತು ಹೂವು ಕಟ್ಟುವವರ ಬದುಕು ಇದೆ. ಅದನ್ನು ಇದ್ದ ಹಾಗೆಯೇ ಬಿಡುವ ಯಂತ್ರ ನನಗೆ ಬೇಕಿತ್ತು.

ಕುಂಕುಮದ ಅಂಗಡಿಗಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮೈಸೂರಿಗೆ ಬಂದವರೆಲ್ಲ ಮೊದಲು ತೆಗೆಯುವುದು ಅದನ್ನೇ. ತಟ್ಟೆಗಳಲ್ಲಿ ಶಿಖರದ ಹಾಗೆ ಏರಿಸಿಟ್ಟ ಕೆಂಪು, ಅರಿಶಿನ, ನೀಲಿ ಪುಡಿಗಳು. ತೆಗೆದ ಮೇಲೆ ನೋಡಿದರೆ ಕೆಂಪು ಗುಡ್ಡೆ ಬರೀ ಕೆಂಪು ಮುದ್ದೆ. ಅದರ ಮೇಲಿನ ಬೆರಳ ಗುರುತು, ಪುಡಿಯ ತರಿ, ಒಂದೂ ಇರುವುದಿಲ್ಲ. ಸೆನ್ಸರಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ಅಳೆಯಲ್ಪಡುತ್ತವೆ. ಇಷ್ಟು ಗಾಢ ಕೆಂಪು ಎದುರಾದಾಗ ಒಟ್ಟು ಬೆಳಕು ಸರಿ ಇದ್ದರೂ ಕೆಂಪಿನ ಪಾತ್ರ ತುಂಬಿ ಚೆಲ್ಲಿರುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪಿನಷ್ಟು, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿ ತೆಗೆದರೆ ತರಿ ಉಳಿಯುತ್ತದೆ. ಮಲ್ಲಿಗೆಗೂ ಇದೇ. ಬಿಸಿಲು ಬಿದ್ದ ಮಲ್ಲಿಗೆ ಮೊಗ್ಗಿನ ಬಿಳುಪು ಒಂದು ಸಲ ಹೋದರೆ ಹೋಯಿತು, ಆಮೇಲೆ ಕಂಪ್ಯೂಟರಿನಲ್ಲಿ ಏನು ಮಾಡಿದರೂ ವಾಪಸ್ ಬರುವುದಿಲ್ಲ.

ಆದರೆ ಇದೆಲ್ಲ ಅರ್ಧ ಉತ್ತರ. ಸೆನ್ಸರ್ ಚೆನ್ನಾಗಿರುವ ಕ್ಯಾಮೆರಾಗಳು ಬೇಕಾದಷ್ಟಿವೆ. ನಾನು ಇದನ್ನೇ ಹಿಡಿದುಕೊಂಡಿರುವುದಕ್ಕೆ ಕಾರಣ ಇದು ನನ್ನನ್ನು ಎಲ್ಲಿ ನಿಲ್ಲಿಸುತ್ತದೆ ಎನ್ನುವುದು.

ಇದರ ಲೆನ್ಸ್ ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 28 ಮಿಲಿಮೀಟರ್. ಅಂದರೆ ಅಗಲವಾದ ನೋಟ. ಎರಡು ಮೀಟರ್ ದೂರದಲ್ಲಿ ಒಬ್ಬರು ನಿಂತಿದ್ದರೆ ಚೌಕಟ್ಟಿನೊಳಗೆ ಎರಡೂವರೆ ಮೀಟರ್ ಅಗಲ, 1.7 ಮೀಟರ್ ಎತ್ತರದಷ್ಟು ಜಾಗ ಬರುತ್ತದೆ. ಒಬ್ಬ ಆಳು ತಲೆಯಿಂದ ಪಾದದ ತನಕ ಸರಿಯಾಗಿ ಹಿಡಿಸುತ್ತಾನೆ, ಅವನ ಅಕ್ಕಪಕ್ಕದ ತಕ್ಕಡಿ, ಬುಟ್ಟಿ, ಗೋಡೆಗೆ ಹಾಕಿದ ದೇವರ ಪಟ ಕೂಡ. ಮೂರು ಮೀಟರ್ ಹಿಂದೆ ಹೋದರೆ ಅವನು ಸಣ್ಣವನಾಗುತ್ತಾನೆ. ಐದು ಮೀಟರ್ ಹೋದರೆ ಗುಂಪಿನಲ್ಲಿ ಕಳೆದೇಹೋಗುತ್ತಾನೆ. ಹಾಗಾಗಿ ಒಬ್ಬ ಮನುಷ್ಯನ ಫೋಟೋ ಬೇಕಾದರೆ ಎರಡು ಮೀಟರಿನೊಳಗೆ ಹೋಗಲೇಬೇಕು. ಇನ್ನೊಬ್ಬರ ಎದುರು ಎರಡು ಮೀಟರಿನಲ್ಲಿ ನಿಂತು ಸುಮ್ಮನೆ ಇರೋಕೆ ನಮ್ಮ ಊರಿನಲ್ಲಿ ಆಗುವುದಿಲ್ಲ. ಏನಾದರೂ ಮಾತಾಡಲೇಬೇಕು. ಊಟ ಆಯ್ತಾ, ಇವತ್ತು ಮಲ್ಲಿಗೆ ಮಾರಿಗೆ ಎಷ್ಟು, ಮಳೆ ಬರುತ್ತಾ, ಏನೋ ಒಂದು.

ಈ ದೂರಕ್ಕೆ ಹೊಂದುವ ಒಂದು ಏರ್ಪಾಡು ಇದರಲ್ಲಿ ಇದೆ. ಸ್ನ್ಯಾಪ್ ಫೋಕಸ್ ಅಂತ ಕರೆಯುತ್ತಾರೆ. ಫೋಕಸ್ಸನ್ನು ಯಂತ್ರಕ್ಕೆ ಬಿಡದೆ, ಒಂದು ಮೀಟರ್, ಒಂದೂವರೆ, ಎರಡು, ಹೀಗೆ ನಾವೇ ಮೊದಲೇ ಕಟ್ಟಿಡುವುದು. ಎರಡು ಮೀಟರಿಗೆ ಕಟ್ಟಿ, ಲೆನ್ಸಿನ ಬಾಯಿಯನ್ನು ಎಫ್/8ರಷ್ಟು ಕಿರಿದು ಮಾಡಿದರೆ, ಸುಮಾರು ಒಂದು ಮೀಟರಿನಿಂದ ಇಪ್ಪತ್ತು ಮೀಟರ್ ತನಕ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಚಿಕ್ಕ ಲೆನ್ಸಿನ ಲಾಭ ಇದು. ಗುಂಡಿ ಒತ್ತಿದ ಕ್ಷಣವೇ ಫೋಟೋ. ಕ್ಯಾಮೆರಾ ಅತ್ತಿತ್ತ ಹುಡುಕುವುದಿಲ್ಲ, ಪರದೆಯ ಮೇಲೆ ಹಸಿರು ಚೌಕ ಬರಲಿ ಅಂತ ನಾನು ಕಾಯುವುದೂ ಇಲ್ಲ. ಪರದೆ ನೋಡುವ ಅಗತ್ಯವೂ ಕಡಿಮೆ. ಎದೆಯ ಹತ್ತಿರ ಹಿಡಿದುಕೊಂಡು, ಎದುರಿನವರ ಕಣ್ಣು ನೋಡುತ್ತಾ, ಮಾತು ಮುಂದುವರಿಸುತ್ತಾ ತೆಗೆಯಬಹುದು. ಶಟರ್ ಲೆನ್ಸಿನೊಳಗೇ ಇರುವುದರಿಂದ ಸದ್ದೂ ಇಲ್ಲದಷ್ಟು ಸಣ್ಣದು. ತೆಗೆದಾದ ಮೇಲೆ ಎಷ್ಟೋ ಜನ ಕೇಳುತ್ತಾರೆ, "ಆಯ್ತಾ? ತೆಗೆದ್ರಾ?"

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಾಣದ ಹಾಗೆ ಜನರನ್ನು ಹಿಡಿಯುವುದಕ್ಕೆ ಸಣ್ಣ ಕ್ಯಾಮೆರಾ ಒಳ್ಳೆಯದು ಅಂತ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನನಗೆ ಇದರ ಚಿಕ್ಕತನ ಬೇಕಾಗಿರುವುದು ಎದುರಿನವರು ಹೆದರದೆ ಇರಲಿ ಅಂತ. ಮುಖಕ್ಕೆ ಅಡ್ಡಲಾಗಿ ಒಂದು ದೊಡ್ಡ ಕಪ್ಪು ಯಂತ್ರ ಹಿಡಿದು ಯಾರ ಎದುರು ನಿಂತರೂ ಅವರು ಬೇರೆಯವರಾಗಿಬಿಡುತ್ತಾರೆ. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ನಗುವನ್ನು ಬಿಗಿ ಹಿಡಿಯುತ್ತಾರೆ. ಇಲ್ಲವಾದರೆ "ಯಾವ ಪೇಪರಿಂದ ಬಂದಿದ್ದೀರಿ ಸಾರ್?" ಎನ್ನುತ್ತಾರೆ. ಈ ಪುಟ್ಟ ಕ್ಯಾಮೆರಾ ಕೈಯಲ್ಲಿದ್ದಾಗ ನನ್ನ ಮುಖ ಅವರಿಗೆ ಪೂರ್ತಿ ಕಾಣುತ್ತಿರುತ್ತದೆ. ನಾನು ಯಾರು, ಎಂಥವನು ಅಂತ ಅಳೆಯುವುದಕ್ಕೆ ಅವರಿಗೂ ಸಮಯ ಸಿಗುತ್ತದೆ.

ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮೊದಲ ಸಲ ಕೇಳಿದಾಗ "ನನ್ದೇನಪ್ಪ ಫೋಟೋ, ಹೂವಿನ್ದು ತೆಗಿ" ಅಂದರು. ಹೂವಿನದು ತೆಗೆದೆ. ಪರದೆಯಲ್ಲಿ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, "ಕನಕಾಂಬರ ಬಾಡಿದಂಗೆ ಕಾಣ್ತದೆ, ನೀರು ಚಿಮುಕಿಸ್ತೀನಿ ಇರು" ಅಂದರು. ನೀರು ಚಿಮುಕಿಸಿದರು. ಆ ಚಿಮುಕಿಸುವ ಕೈಯನ್ನೂ ತೆಗೆದೆ. ಅದನ್ನೂ ತೋರಿಸಿದೆ. ಆಮೇಲೆ ಅವರೇ ತಲೆ ಎತ್ತಿ ಕೂತರು. ಆ ಚಿತ್ರ ಈಗಲೂ ನನ್ನ ಹತ್ತಿರ ಇರುವ ಒಳ್ಳೆಯ ಚಿತ್ರಗಳಲ್ಲಿ ಒಂದು. ಅದರಲ್ಲಿ ಅವರು ನೋಡುತ್ತಿರುವುದು ಲೆನ್ಸನ್ನಲ್ಲ, ನನ್ನನ್ನು.

ಅದೇ ಮಾರುಕಟ್ಟೆಯಲ್ಲಿ ಬಾಳೆಹಣ್ಣು ಮಾರುವವರೊಬ್ಬರು ಖಡಾಖಂಡಿತವಾಗಿ ಬೇಡ ಅಂದರು. "ತೆಗೀತೀರ, ಎಲ್ಲೆಲ್ಲೋ ಹಾಕ್ತೀರ, ನಮ್ಮ ಮಕ್ಕಳು ಅದನ್ನ ಮೊಬೈಲಲ್ಲಿ ನೋಡಿ ಕೇಳ್ತಾರೆ. ಬೇಡ ಬಿಡಿ." ಕ್ಯಾಮೆರಾ ಜೇಬಿಗೆ ಹಾಕಿಕೊಂಡೆ. ರಸಬಾಳೆ ತೆಗೆದುಕೊಂಡೆ. ನಂಜನಗೂಡಿನದು ಈಗ ಎಷ್ಟು ಬರುತ್ತದೆ, ಎಷ್ಟು ಬರೀ ಹೆಸರಿಗೆ ನಂಜನಗೂಡಿನದು ಅಂತ ಅವರು ವಿವರವಾಗಿ ಹೇಳಿದರು. ಈಗಲೂ ಅವರ ಹತ್ತಿರವೇ ಹಣ್ಣು ಕೊಳ್ಳುತ್ತೇನೆ. ಫೋಟೋ ಕೇಳಿಲ್ಲ, ಕೇಳುವುದೂ ಇಲ್ಲ.

ನನಗೆ ಈ ಕ್ಯಾಮೆರಾದ ದೊಡ್ಡ ಗುಣ ಇದೇ ಅನಿಸುತ್ತದೆ. ಮಾತಾಡುವಷ್ಟು ಹತ್ತಿರ ಹೋದಾಗ ಎದುರಿನವರಿಗೆ ಬೇಡ ಎನ್ನುವ ಅವಕಾಶ ಇರುತ್ತದೆ. ದೂರದ್ದನ್ನು ಹತ್ತಿರಕ್ಕೆ ಎಳೆಯುವ 200 ಮಿಲಿಮೀಟರ್ ಲೆನ್ಸ್ ಹಾಕಿಕೊಂಡು ರಸ್ತೆಯ ಆಚೆಯಿಂದ ತೆಗೆದರೆ ಆ ಬಾಳೆಹಣ್ಣಿನವರಿಗೆ ಬೇಡ ಎನ್ನುವುದಕ್ಕೆ ದಾರಿಯೇ ಇರುತ್ತಿರಲಿಲ್ಲ. ಅವರ ಮುಖ ಅವರಿಗೆ ಗೊತ್ತಿಲ್ಲದೆ ನನ್ನ ಕಾರ್ಡಿನಲ್ಲಿ ಇರುತ್ತಿತ್ತು. ಚಿತ್ರ ಚೆನ್ನಾಗಿಯೇ ಬರುತ್ತಿತ್ತೇನೋ. ಆದರೆ ಅದು ಕೇಳದೆ ಎತ್ತಿಕೊಂಡದ್ದು. ಈಗೀಗ ರೀಲ್ಸ್ ಮಾಡುವವರು ಬೀದಿ ಬದಿಯ ಮುದುಕರನ್ನು, ಮಕ್ಕಳನ್ನು ದೂರದಿಂದ ಹಿಡಿದು, ಹಿಂದೆ ಒಂದು ಶೋಕದ ಹಾಡು ಹಾಕಿ ಬಿಡುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಆ ಮುದುಕರಿಗೂ ಹೆಸರಿದೆ, ಬಾಯಿ ಇದೆ. ಹತ್ತಿರ ಹೋಗಿ ಒಂದು ಮಾತು ಕೇಳಿದ್ದರೆ ಏನು ಹೋಗುತ್ತಿತ್ತು?

ಮೈಸೂರಿನಲ್ಲಿ ಕ್ಯಾಮೆರಾ ಹಿಡಿದು ಜನರ ನಡುವೆ ಓಡಾಡುವವರಿಗೆ ಟಿ.ಎಸ್. ಸತ್ಯನ್ ನೆನಪಾಗದೆ ಇರುವುದಿಲ್ಲ. 1923ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ದೇಶವೆಲ್ಲ ಸುತ್ತಿ, 2009ರಲ್ಲಿ ಇಲ್ಲಿಯೇ ತೀರಿಕೊಂಡವರು. ಪತ್ರಿಕಾ ಛಾಯಾಗ್ರಹಣಕ್ಕೆ ನಮ್ಮಲ್ಲಿ ಮರ್ಯಾದೆ ತಂದುಕೊಟ್ಟವರಲ್ಲಿ ಒಬ್ಬರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಯುನಿಸೆಫ್ ಏರ್ಪಡಿಸಿತ್ತು. ದೊಡ್ಡ ದೊಡ್ಡ ನಾಯಕರನ್ನೂ ಅವರು ತೆಗೆದಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಹೆಸರಿಲ್ಲದವರ ಚಿತ್ರಗಳು. ಹಳ್ಳಿ ಶಾಲೆಯ ಮಕ್ಕಳು, ಕೆಲಸದ ನಡುವೆ ತಲೆ ಎತ್ತಿದ ಹೆಂಗಸರು. ಆ ಚಿತ್ರಗಳಲ್ಲಿ ಯಾರೂ ಬೆದರಿ ನಿಂತಿಲ್ಲ. ಅವರು ಬಳಸಿದ ಯಂತ್ರಗಳು ಬೇರೆ, ಕಾಲ ಬೇರೆ. ಎದುರಿನವರ ಜೊತೆ ಮೊದಲು ಸಲುಗೆ ಬೆಳೆಯಬೇಕು, ಚಿತ್ರ ಆಮೇಲೆ ಬರುತ್ತದೆ ಎನ್ನುವುದನ್ನು ನಾನು ಕಲಿತದ್ದು ಆ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ.

ಜೇಬಿನ ಕ್ಯಾಮೆರಾ ನಮಗೆ ಹೊಸದೇನಲ್ಲ. ನಮ್ಮ ತಂದೆಯವರ ಕಾಲದಲ್ಲಿ ಆಗ್ಫಾ ಕ್ಲಿಕ್ 3 ಇತ್ತು. ಒಂದು ರೋಲಿಗೆ ಹನ್ನೆರಡು ಚೌಕ ಫೋಟೋ. ಅದು ಜೇಬಿಗೆ ಹಿಡಿಸುತ್ತಿರಲಿಲ್ಲ, ಆದರೆ ಸಾಮಾನ್ಯರ ಕೈಗೆ ಎಟುಕುತ್ತಿತ್ತು. ಆಮೇಲೆ ಹಾಟ್‌ಶಾಟ್ ಬಂತು, ಕೊಡ್ಯಾಕ್ ಕೆಬಿ 10 ಬಂತು. ಪ್ರವಾಸಕ್ಕೆ ಹೊರಟರೆ ಮೂವತ್ತಾರು ಫೋಟೋದ ಒಂದು ರೋಲು, ಅದರಲ್ಲಿ ನಾಲ್ಕು ಊರು ಮುಗಿಸಬೇಕು. 2000ದ ನಂತರ ಸಣ್ಣ ಡಿಜಿಟಲ್ ಕ್ಯಾಮೆರಾಗಳು ಮನೆಮನೆಗೆ ಬಂದವು. ಗಲ್ಫಿನಿಂದಲೋ ಅಮೆರಿಕದಿಂದಲೋ ಬಂದ ನೆಂಟರು ಬೆಳ್ಳಿ ಬಣ್ಣದ ಒಂದನ್ನು ತಂದು ಕೊಡುತ್ತಿದ್ದರು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ 12 ಕೋಟಿಗೂ ಜಾಸ್ತಿ ಡಿಜಿಟಲ್ ಕ್ಯಾಮೆರಾ ಕಾರ್ಖಾನೆಗಳಿಂದ ಹೊರಬಿದ್ದವು. ಬಹುಪಾಲು ಜೇಬಿನವೇ. 2023ಕ್ಕೆ ಎಲ್ಲ ಬಗೆಯ ಕ್ಯಾಮೆರಾ ಸೇರಿಸಿದರೂ 80 ಲಕ್ಷ ಮುಟ್ಟಲಿಲ್ಲ. ಮೊಬೈಲ್ ಎಲ್ಲವನ್ನೂ ನುಂಗಿತು.

ಮೊಬೈಲನ್ನು ನಾನು ಬಯ್ಯುವುದಿಲ್ಲ. ಬಸ್ಸಿನ ವೇಳಾಪಟ್ಟಿ, ಔಷಧಿ ಚೀಟಿ, ಮಗಳ ಹೋಂವರ್ಕ್, ಎಲ್ಲ ಅದರಲ್ಲೇ ತೆಗೆಯುತ್ತೇನೆ. ಆದರೆ ಮೊಬೈಲ್ ಕೈಗೆ ತೆಗೆದುಕೊಂಡ ಕೂಡಲೇ ಅದರೊಳಗಿನ ಊರೆಲ್ಲ ಎದ್ದು ಬರುತ್ತದೆ. ಫೋಟೋ ತೆಗೆಯುವ ಮೊದಲೇ ವಾಟ್ಸಾಪಿನ ಮೂರು ಮೆಸೇಜು ಕಣ್ಣಿಗೆ ಬೀಳುತ್ತವೆ. ಎದುರು ನಿಂತವರಿಗೂ ಗುಮಾನಿ. ಇವನು ಫೋಟೋ ತೆಗೆಯುತ್ತಿದ್ದಾನೋ, ವಿಡಿಯೋ ಮಾಡುತ್ತಿದ್ದಾನೋ, ಈಗಲೇ ಎಲ್ಲಾದರೂ ಹಾಕುತ್ತಾನೋ? ಕ್ಯಾಮೆರಾ ಹಿಡಿದರೆ ಆ ಗುಮಾನಿ ಕಡಿಮೆ. ಇದರಲ್ಲಿ ತೆಗೆದದ್ದು ಮನೆಗೆ ಹೋಗಿ ಕಂಪ್ಯೂಟರಿಗೆ ಹಾಕುವ ತನಕ ಇದರಲ್ಲೇ ಇರುತ್ತದೆ ಅಂತ ನಾನು ಹೇಳಿದರೆ ನಂಬುತ್ತಾರೆ.

ಮಂಡ್ಯ ಕಡೆ ನಮ್ಮ ತಾಯಿಯ ತವರು. ಪಾಂಡವಪುರದ ಹತ್ತಿರದ ಹಳ್ಳಿ, ವಿಶ್ವೇಶ್ವರಯ್ಯ ನಾಲೆಯ ನೀರು ಉಣ್ಣುವ ಗದ್ದೆಗಳು. ಸೋದರಮಾವನಿಗೆ ಈ ಕ್ಯಾಮೆರಾ ಮೊದಲು ತೋರಿಸಿದಾಗ ಕೈಯಲ್ಲಿ ತಿರುಗಿಸಿ ನೋಡಿ, "ಇದೇನ್ಲಾ, ಎಲೆಡಿಕೆ ಡಬ್ಬಿ ಇದ್ದಂಗೈತೆ! ಇದ್ರಲ್ಲಿ ಏನ್ ಬಿದ್ದದು?" ಅಂದರು. ಆಲೆಮನೆಯ ಚಿತ್ರ ಬಿತ್ತು. ಅವರ ಗೆಳೆಯರೊಬ್ಬರದು ಆಲೆಮನೆ. ಕಬ್ಬು ಕಡಿದು ಬಂದ ದಿನ ರಾತ್ರಿಯಿಡೀ ಕೆಲಸ.

ಆಲೆಮನೆಯಲ್ಲಿ ಫೋಟೋ ತೆಗೆಯುವುದು ಎಷ್ಟು ಕಷ್ಟ ಅಂತ ತೆಗೆದವರಿಗೇ ಗೊತ್ತು. ಒಂದು ಕಡೆ ಗಾಣ ತಿರುಗುತ್ತಿರುತ್ತದೆ. ಕಬ್ಬಿನ ಹಾಲು ತೊಟ್ಟಿಗೆ ಬಿದ್ದು, ಅಲ್ಲಿಂದ ಕೊಪ್ಪರಿಗೆಗೆ ಬರುತ್ತದೆ. ಕೆಳಗೆ ಒಣಗಿದ ಕಬ್ಬಿನ ಸಿಪ್ಪೆಯದೇ ಬೆಂಕಿ. ಹಾಲು ಕಾಯುವಾಗ ಸುಣ್ಣದ ತಿಳಿ ಹಾಕಿ, ಮೇಲೆ ಬರುವ ಮಡ್ಡಿಯನ್ನು ಜಾಲರಿ ಸೌಟಿನಿಂದ ತೆಗೆಯುತ್ತಾ ಇರಬೇಕು. ಇಡೀ ಮನೆಗೆ ಆವಿ ಕವಿದಿರುತ್ತದೆ. ಚಳಿಗಾಲದ ರಾತ್ರಿ ಹೊರಗಿನಿಂದ ತಣ್ಣಗಿರುವ ಕ್ಯಾಮೆರಾ ತಂದು ಒಳಗೆ ತೆಗೆದರೆ ಲೆನ್ಸಿಗೆ ಮಂಜು ಕಟ್ಟುತ್ತದೆ, ಒರೆಸಿದಷ್ಟೂ ಕಟ್ಟುತ್ತದೆ. ಅದು ಒಳಗಿನ ಕಾವಿಗೆ ಹೊಂದಿಕೊಳ್ಳುವ ತನಕ ಸುಮ್ನೆ ಕಾಯಬೇಕು. ಮೇಲೆ ಬಿಳೀ ಬಲ್ಬು, ಕೆಳಗೆ ಕೆಂಪು ಬೆಂಕಿ. ಎರಡು ಬಣ್ಣದ ಬೆಳಕಿನಲ್ಲಿ ಕ್ಯಾಮೆರಾಗೆ ಯಾವುದನ್ನು ನಂಬಬೇಕು ತಿಳಿಯುವುದಿಲ್ಲ. ಹಾಗಾಗಿ ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ತಿದ್ದದೆ ಹಾಗೇ ಇಡುವ ಫೈಲಿನಲ್ಲಿ, ತೆಗೆದು ಬಣ್ಣವನ್ನು ಮನೆಯಲ್ಲಿ ಸರಿ ಮಾಡುತ್ತೇನೆ. ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎನ್ನುವ ಅಳತೆ) 3200ಕ್ಕೆ ಏರಿಸಬೇಕಾಗುತ್ತದೆ. ಈ ಸೆನ್ಸರ್ ಅಷ್ಟನ್ನು ತಡೆದುಕೊಳ್ಳುತ್ತದೆ.

ಆ ಕಾಯುವ ಹೊತ್ತಿನಲ್ಲೇ ಬೇಕಾದದ್ದೆಲ್ಲ ಸಿಗುವುದು. ಕೊಪ್ಪರಿಗೆಯ ಮುಂದೆ ನಿಂತವರು ಪಾಕದ ಹದವನ್ನು ಹೇಗೆ ತಿಳಿಯುತ್ತಾರೆ ಅಂತ ಕೇಳಿದೆ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ತೋರಿಸಿದರು. "ಇಕಾ, ಹಿಂಗ್ ಕಟ್ಟಬೇಕು. ಈಗ ಹಿಡ್ಕೊ ನಿನ್ ಫೋಟವ, ಇನ್ನೊಂದ್ ಗಳಿಗೆ ಆದ್ರೆ ಬೆಲ್ಲ ಕೆಡ್ತದೆ." ಯಾವಾಗ ಒತ್ತಬೇಕು ಅಂತ ಅವರೇ ಹೇಳಿದರು. ಆವಿಯ ನಡುವೆ ಆ ಎರಡು ಬೆರಳು, ನಡುವೆ ಹೊಳೆಯುವ ಉಂಡೆ. ರಸ್ತೆಯಲ್ಲಿ ಕಾರು ನಿಲ್ಲಿಸಿ ಹೊಗೆಯಾಡುವ ಆಲೆಮನೆಯನ್ನು ದೂರದಿಂದ ತೆಗೆದುಕೊಂಡು ಹೋಗುವವರು ಬೇಕಾದಷ್ಟು ಜನ. ಆ ಉಂಡೆ ಅವರಿಗೆ ಸಿಗುವುದಿಲ್ಲ.

ಇದರಲ್ಲಿ ಆಗದ ಕೆಲಸಗಳೂ ಇವೆ, ಅವನ್ನು ಹೇಳದಿದ್ದರೆ ಈ ಬರಹ ಓದಿ ಯಾರಾದರೂ ದುಡ್ಡು ಹಾಕಿ ಬೇಸರ ಪಟ್ಟಾರು. ರಂಗನತಿಟ್ಟಿಗೆ ಇದನ್ನು ನಂಬಿ ಹೋಗಬೇಡಿ. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನಂತೆ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ದೋಣಿಯಿಂದ ಕಾಣುವ ಬಣ್ಣದ ಕೊಕ್ಕರೆ ಈ ಲೆನ್ಸಿಗೆ ಒಂದು ಬಿಳಿ ಚುಕ್ಕೆ. ಅಲ್ಲಿ ನಾನು ಹಕ್ಕಿಗಳನ್ನು ಕಣ್ಣಿನಿಂದ ನೋಡುತ್ತೇನೆ, ಹುಟ್ಟು ಹಾಕುವ ಅಂಬಿಗರ ಚಿತ್ರ ತೆಗೆಯುತ್ತೇನೆ. ಅವರು ಎರಡು ಮೀಟರಿನಲ್ಲೇ ಕೂತಿರುತ್ತಾರಲ್ಲ! ಮೊಸಳೆ ಎಲ್ಲಿ ಮಲಗಿದೆ, ಯಾವ ಮರಿ ಯಾವ ಗೂಡಿನದು ಅಂತ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತು? ದಸರಾ ಮೆರವಣಿಗೆಯಲ್ಲೂ ಅಷ್ಟೇ. ಅಂಬಾರಿ ಹೊತ್ತ ಆನೆ ಬೇಕಾದರೆ ಬೇರೆ ಕ್ಯಾಮೆರಾ ಬೇಕು. ಬೆಳಗಿನಿಂದ ಜಾಗ ಹಿಡಿದು, ಪೇಪರ್ ಹಾಸಿಕೊಂಡು, ಪುಳಿಯೋಗರೆ ಹಂಚಿಕೊಂಡು ಕೂತಿರುವ ಸಂಸಾರಗಳು ಬೇಕಾದರೆ ಇದು ಸಾಕು, ಇದೇ ಸರಿ. ಭಾನುವಾರ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಂಡಾಗ ಎಲ್ಲರ ಮುಖವೂ ಆ ಹಳದಿ ಬೆಳಕಿನಲ್ಲಿ ಬೆಳಗುತ್ತದೆ. ಪಕ್ಕದಲ್ಲಿ ನಿಂತ ಮಗುವಿನ ಮುಖ ತೆಗೆಯುವುದಕ್ಕೆ ಅದಕ್ಕಿಂತ ಒಳ್ಳೆಯ ದೀಪ ಇಲ್ಲ. ಅಪ್ಪ ಅಮ್ಮನನ್ನು ಕೇಳಿ ತೆಗೆಯಬೇಕು, ಅಷ್ಟೇ.

ಇಟ್ಟುಕೊಳ್ಳುವ ಬಗೆ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಣ್ಣ ಕ್ಯಾಮೆರಾಗೆ ಸಣ್ಣ ಬ್ಯಾಟರಿ. ಇದರದು ಒಂದು ಚಾರ್ಜಿಗೆ ಸುಮಾರು 200 ಚಿತ್ರ ಅಂತ ತಯಾರಕರೇ ಹೇಳಿದ್ದಾರೆ. ಇನ್ನೊಂದು ಬ್ಯಾಟರಿ ಜೊತೆಯಲ್ಲಿರಲಿ. ಲೆನ್ಸ್ ಒಳಗೆ ಹೊರಗೆ ಚಾಚುವ ಯಾವ ಕ್ಯಾಮೆರಾಗಾದರೂ ದೂಳೇ ಶತ್ರು. ಜೇಬಿನ ಮೂಲೆಯಲ್ಲಿ ಸೇರಿರುವ ನೂಲಿನ ಎಳೆ, ಕಡಲೆಕಾಯಿ ಸಿಪ್ಪೆ, ಚಿಲ್ಲರೆ ಕಾಸು ಇವೆಲ್ಲ ಇರುವ ಜೇಬಿಗೆ ಹಾಕಬಾರದು. ಒಂದು ಜೇಬನ್ನು ಅದಕ್ಕೇ ಅಂತ ಮೀಸಲಿಡಿ, ಅಥವಾ ಒಂದು ಸಣ್ಣ ಬಟ್ಟೆ ಚೀಲ ಹೊಲಿಸಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಇಲ್ಲದಿದ್ದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಮಣಿಕಟ್ಟಿಗೆ ಹಾಕಿಕೊಳ್ಳುವ ಪಟ್ಟಿ ಮರೆಯಬೇಡಿ.

ಇಷ್ಟು ದುಬಾರಿಯದೇ ಬೇಕು ಅಂತಿಲ್ಲ. ನಿಮ್ಮ ಮನೆಯ ಬೀರುವಿನಲ್ಲೂ 2008ರದೋ 2010ರದೋ ಒಂದು ಪುಟ್ಟ ಕ್ಯಾಮೆರಾ ಮಲಗಿರಬಹುದು. ತೆಗೆದು ನೋಡಿ. ಕೆಲವಕ್ಕೆ ಪೆನ್‌ಟಾರ್ಚಿನ ಸೆಲ್ ಹಾಕಿದರೆ ಸಾಕು, ಓಡುತ್ತವೆ. ಬೇರೆಯವಕ್ಕೆ ಹೊಸ ಬ್ಯಾಟರಿ ಇನ್ನೂ ಸಿಗುತ್ತದೆ. ಕಾರ್ಡಿನ ಒಂದು ತೊಡಕು ಇದೆ. 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡಿನ ಪದ್ಧತಿ ಬಂದದ್ದು 2006ರಲ್ಲಿ. ಅದಕ್ಕೂ ಹಳೆಯ ಕ್ಯಾಮೆರಾ ಆದರೆ ದೊಡ್ಡ ಕಾರ್ಡನ್ನು ಓದುವುದಿಲ್ಲ, 2 ಜಿಬಿಯದನ್ನೇ ಹುಡುಕಬೇಕು. ಕಾಲೇಜು ಹುಡುಗ ಹುಡುಗಿಯರು ಈಗ ಅಂಥ ಹಳೆಯ ಕ್ಯಾಮೆರಾಗಳನ್ನು ಆಸೆಪಟ್ಟು ಹುಡುಕುತ್ತಿದ್ದಾರೆ, ಅದು ನನಗೆ ಖುಷಿ. ಆದರೆ ಜೂಮ್ ಇದ್ದರೂ ಮುಟ್ಟಬೇಡಿ ಅಂತ ಮಾತ್ರ ಹೇಳುತ್ತೇನೆ. ಹಾಗೇ ಇರಲಿ ಬಿಡಿ. ಕಾಲಿನಲ್ಲಿ ಹತ್ತಿರ ಹೋಗಿ.

ತೆಗೆದ ಮೇಲೆ ಪ್ರಿಂಟ್ ಹಾಕಿಸಿ ಕೊಡಿ, ಇದು ನನ್ನ ಒತ್ತಾಯ. ಮೈಸೂರಿನಲ್ಲಿ ಇನ್ನೂ ಕಲರ್ ಲ್ಯಾಬುಗಳು ಇವೆ. 4 ಗುಣಿಸು 6 ಇಂಚಿನ ಒಂದು ಪ್ರಿಂಟಿಗೆ ಒಂದು ಕಾಫಿಯ ದುಡ್ಡಿಗಿಂತ ಜಾಸ್ತಿ ಆಗುವುದಿಲ್ಲ. ಈ ಕ್ಯಾಮೆರಾದ ಚೌಕಟ್ಟು 3:2. ಆ ಕಾಗದಕ್ಕೆ ಸರಿಯಾಗಿ ಕೂರುತ್ತದೆ. ಮೊಬೈಲಿನ 4:3 ಚಿತ್ರವನ್ನು ಅದೇ ಕಾಗದಕ್ಕೆ ಹಾಕಿದರೆ ತಲೆಯೋ ಕಾಲೋ ಕತ್ತರಿಸಿ ಹೋಗುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ನಾಳೆ ನೂರು ಶುಭೋದಯಗಳ ಕೆಳಗೆ ಹೂತುಹೋಗುತ್ತದೆ. ಕೈಗೆ ಕೊಟ್ಟ ಪ್ರಿಂಟು ಹಾಗಲ್ಲ. ಹೂವಿನ ಅಜ್ಜಿ ತಮ್ಮದನ್ನು ಲಕ್ಷ್ಮಿ ಪಟದ ಪಕ್ಕಕ್ಕೆ ಸಿಕ್ಕಿಸಿದ್ದಾರೆ. ಆಲೆಮನೆಯವರು "ಬೆರಳು ಬಿದ್ದದೆ, ಮೊಕ ಎಲ್ಲಿ?" ಅಂತ ಕೇಳಿದರು. ಮುಂದಿನ ಸಲ ಮುಖವನ್ನೂ ತೆಗೆದು ಕೊಟ್ಟೆ. ಪ್ರಿಂಟ್ ಹಿಡಿದುಕೊಂಡು ಹೋದರೆ ಪಕ್ಕದ ಅಂಗಡಿಯವರು ತಾವೇ ಕರೆದು ಕೂರಿಸುತ್ತಾರೆ. ಪರಿಚಯ ಬೆಳೆಯುವುದು ಹಾಗೆ.

ಈಗ ಅದೇ ಮಾರುಕಟ್ಟೆಯಲ್ಲಿ ಒಂದು ಕೆಲಸ ಹಿಡಿದಿದ್ದೇನೆ. 2012ರಲ್ಲಿ ಹತ್ತಿರದ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಿ ಹೊಸದು ಕಟ್ಟಬೇಕೋ, ಇದ್ದದ್ದನ್ನು ಸರಿಪಡಿಸಿ ಉಳಿಸಬೇಕೋ ಅಂತ ವರ್ಷಗಳಿಂದ ವಾದ ನಡೆದಿದೆ. ನನಗೆ ಉಳಿಸಬೇಕು ಅಂತಲೇ ಆಸೆ. ಏನೇ ಆದರೂ, ಈಗ ಅಲ್ಲಿ ಕೂತಿರುವವರು ಹೇಗೆ ಕೂತಿದ್ದರು, ತಕ್ಕಡಿ ಎಲ್ಲಿಟ್ಟಿದ್ದರು, ತಲೆ ಮೇಲೆ ಏನು ನೇತು ಹಾಕಿದ್ದರು ಎನ್ನುವುದು ಒಂದು ಕಡೆ ಇರಬೇಕು. ಹಾಗಾಗಿ ಸಾಲು ಸಾಲಾಗಿ ಹೋಗುತ್ತಿದ್ದೇನೆ. ಒಂದು ಅಂಗಡಿ, ಅದರ ಯಜಮಾನರು ಅಥವಾ ಯಜಮಾನಿ, ಎರಡು ಮೀಟರ್ ದೂರ, ಅವರ ಒಪ್ಪಿಗೆ. ಪ್ರತಿಯೊಬ್ಬರಿಗೂ ಒಂದು ಪ್ರಿಂಟು. ಹೂವಿನ ಸಾಲು ಮುಗಿದಿದೆ. ಬಾಳೆಹಣ್ಣಿನ ಸಾಲು ಆ ಒಂದು ಅಂಗಡಿ ಬಿಟ್ಟು ಮುಗಿದಿದೆ. ವೀಳ್ಯದೆಲೆಯವರು ಬೆಳಿಗ್ಗೆ ಎಂಟರೊಳಗೆ ಬಂದರೆ ಮಾತ್ರ ಪುರುಸೊತ್ತು ಎನ್ನುತ್ತಾರೆ. ಬೆಲ್ಲದ ಅಂಗಡಿಗಳವರು ಯುಗಾದಿ ವ್ಯಾಪಾರ ಮುಗಿಯಲಿ, ಆಮೇಲೆ ಬನ್ನಿ, ಶರ್ಟ್ ಇಸ್ತ್ರಿ ಮಾಡಿಸಿಕೊಂಡು ಬರುತ್ತೇವೆ ಅಂದಿದ್ದಾರೆ.